ಬಿಗಿತೋಳು ಹೊಲಿಯುವವಳ ಹೊಟ್ಟೆಕಿಚ್ಚು

ಬನಿಯನ್ ಕಂಪನಿ ವ್ಯಾನುಗಳ ಹಾರನ್ನಿಗೆ ತಿರುಪ್ಪೂರು ಎದ್ದು ಕೂರುತ್ತದೆ. ಈ ವಠಾರದ ಹಿಂದಿನ ಬೀದಿಯಲ್ಲಿ ಹೆಂಗಸರು ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದು ಓಡುತ್ತಿದ್ದಾರೆ. ಆ ಗದ್ದಲಕ್ಕೆ ತಲೆಯನ್ನೂ ಎತ್ತದೆ, ಬಾಗಿಲ ಪಕ್ಕದ ಮಷಿನ್ನಿನ ಮೇಲೆ ಬಗ್ಗಿ ಕೂತಿರುವವಳು ಪೂಂಗೊಡಿ. ಅವಳ ಸೂಜಿಯ ಕೆಳಗೆ ಮೈಬಣ್ಣದ, ರಬ್ಬರಿನಂತೆ ಹಿಗ್ಗುವ ಬಟ್ಟೆಯ ಒಂದು ಪುಟ್ಟ ತೋಳಿದೆ. ಅಂಗಿ ಇಲ್ಲ, ಬರೀ ತೋಳು. ಹೊಲಿದು ಮುಗಿಸಿ ಅದನ್ನು ಗೂಡಿನಲ್ಲಿದ್ದ ಒಂದು ಗಾಜಿನ ಬಾಟಲಿಗೆ ತೊಡಿಸುತ್ತಾಳೆ, ಬೆರಳು ತೂರಿಸಿ ಬಿಗಿ ನೋಡುತ್ತಾಳೆ, ಮುಖ ಸಿಂಡರಿಸಿ ಹೊಲಿಗೆ ಬಿಚ್ಚುತ್ತಾಳೆ.

ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಗಂಟುಗಂಟಾಗಿ ಉಬ್ಬದಂತೆ, ಕೀಲು ಮಡಚಿಕೊಳ್ಳದಂತೆ ಹಗಲಿರುಳು ಮೈಗೆ ಒತ್ತಿ ಹಿಡಿಯುವ ಬಟ್ಟೆ ಇದು. ಸ್ನಾನಕ್ಕೆ ಬಿಟ್ಟರೆ ತೆಗೆಯುವ ಹಾಗಿಲ್ಲ. ಸಡಿಲವಾದರೆ ಹಾಕಿದ್ದೇ ದಂಡ, ಹೆಚ್ಚು ಬಿಗಿಯಾದರೆ ಬೆರಳು ಊದುತ್ತದೆ. ಮಕ್ಕಳು ಬೆಳೆದಂತೆಲ್ಲ ಹೊಸದು ಬೇಕು. ಕೊಯಮತ್ತೂರು, ಈರೋಡು, ಧಾರಾಪುರದ ಕಡೆಯಿಂದ ತಂದೆತಾಯಂದಿರು ಇವಳನ್ನು ಹುಡುಕಿಕೊಂಡು ಬರುತ್ತಾರೆ. ದಿನಕ್ಕೆ ಮೂರು ಹೊಲಿದರೆ ಹೆಚ್ಚು.

"ಬನಿಯನ್ ಹೊಲಿಯೋವಾಗ ಹೊಲಿಗೆ ಒಳಗಡೆ ಬರ್ಬೇಕು, ನೋಡೋರಿಗೆ ಕಾಣಬಾರದು ಅಂತ," ಅನ್ನುತ್ತಾಳೆ ಪೂಂಗೊಡಿ. "ಇದಕ್ಕೆ ಹೊಲಿಗೆ ಹೊರಗೆ. ಒಳಗೆ ಮಗು ಇರುತ್ತಲ್ಲಕ್ಕಾ."

ಪತ್ರಿಕೆಗೆ ಬರೆಯಲು ಬಂದಿರುವ ನಾನು ಇದನ್ನು ಬರೆದುಕೊಂಡು ಕ್ಯಾಮೆರಾ ತೆಗೆಯುತ್ತೇನೆ. ಅವಳು ಕತ್ತರಿಯನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತಾಳೆ.

"ಫೋಟೊ ಬೇಡ. ನೀವೆಲ್ಲ ಹೇಗೆ ಬರೀತೀರ ಅಂತ ಗೊತ್ತು ನಂಗೆ. ತನ್ನ ನೋವು ನುಂಗಿ ಊರ ಮಕ್ಕಳ ಕಣ್ಣೀರು ಒರೆಸೋ ತಾಯಿ, ತ್ಯಾಗಮಯಿ, ಅದು ಇದು. ನಾನು ಅಂಥವಳಲ್ಲ. ಹೊಟ್ಟೆಕಿಚ್ಚಿನವಳು. ಬರೀಬೇಕು ಅಂದ್ರೆ ಹಾಗೇ ಬರೀರಿ."

"ಯಾರ ಮೇಲೆ ಹೊಟ್ಟೆಕಿಚ್ಚು?"

ಉತ್ತರಕ್ಕೆ ಕಾಯಬೇಕಾಗಿಲ್ಲ. ಒಳಗಿನ ಕೋಣೆಯಿಂದ ವಠಾರವೇ ಎದ್ದು ಕೂರುವಂಥ ಚೀರಾಟ ಬರುತ್ತದೆ: "ಅತ್ತೇ! ಬೇಡ ಅತ್ತೇ! ಅತ್ತೇ!" ಅದರ ಹಿಂದೆಯೇ ಇನ್ನೊಂದು ಗಂಟಲು: "ಕಿರುಚು, ಇನ್ನೂ ಜೋರಾಗಿ ಕಿರುಚು, ಪೊಲೀಸ್ ಸ್ಟೇಷನ್ನಿಗೆ ಕೇಳಿಸಲಿಲ್ಲ! ಅಯ್ಯೋ, ಕಚ್ಚಿದ್ಯಲ್ಲೇ ಇಲಿಮರಿ! ಆಯ್ತು, ಆಯ್ತು ನನ್ ಚಿನ್ನ, ಮೊಣಕೈ ದಾಟ್ತು."

ಪೂಂಗೊಡಿ ಗೋಡೆಯ ಕಡೆಗೆ ಗಲ್ಲ ತೋರಿಸುತ್ತಾಳೆ. "ಅವರ ಮೇಲೆ."

ಕಿರುಚಿದ್ದು ಪೂಂಗೊಡಿಯ ಮಗಳು ಯಾಳಿನಿ, ಇನ್ನೇನು ನಾಲ್ಕು ತುಂಬಬೇಕು. ಬೈದದ್ದು ಪೂಂಗೊಡಿಯ ಗಂಡನ ಅಕ್ಕ ತುಳಸಿಮಣಿ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವರು, ಮಕ್ಕಳಿಲ್ಲ. ತಮ್ಮ ಕದಿರ್ವೇಲು ಬಣ್ಣದ ಕಾರ್ಖಾನೆಗೆ ಹೋಗುವವನು, ಮನೆಯಲ್ಲಿದ್ದಾಗಲೂ ಇಲ್ಲದವನಂತೆ ಇರುವ ಜಾಣ. ಸ್ವಲ್ಪ ಹೊತ್ತಿಗೆ ತುಳಸಿಮಣಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬರುತ್ತಾರೆ. ಮಗುವಿನ ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಬಿಗಿತೋಳು. ತುಳಸಿಮಣಿಯ ಮುಂಗೈಯಲ್ಲಿ ಒದ್ದೆ ಇನ್ನೂ ಆರದ ಹಲ್ಲಿನ ಗುರುತು, ಅದರ ಅಕ್ಕಪಕ್ಕ ಹಳೆಯವು. ಪೂಂಗೊಡಿ ನೋಡುತ್ತಿರುವುದು ಮಗಳ ತೋಳನ್ನಲ್ಲ, ಆ ಗುರುತುಗಳನ್ನು.

ಯಾಳಿನಿ ಅಮ್ಮನ ಹತ್ತಿರ ಬಂದು ನಿಲ್ಲುತ್ತದೆ. ಮೇಜಿನ ಮೇಲಿನ ಬಿಸ್ಕತ್ತಿನ ಪೊಟ್ಟಣ ನೋಡಿ, "ಅಮ್ಮಾ, ಒಂದು ತಗೊಳ್ಳಲಾ?" ಎಂದು ಕೇಳುತ್ತದೆ. ತಗೊ ಅಂದ ಮೇಲೆ ಒಂದೇ ಒಂದು ತೆಗೆದುಕೊಂಡು ಹಿಂದೆ ಸರಿಯುತ್ತದೆ. ಎಷ್ಟು ಒಳ್ಳೆಯ ಮಗು ಅಂತ ನನ್ನ ಬಾಯಿಂದ ಬಂದುಬಿಡುತ್ತದೆ.

"ಒಳ್ಳೇದಾ? ನೆಂಟರ ಮನೆಗೆ ಬಂದ ಮಗು ಕಣಕ್ಕಾ ಅದು," ಪೂಂಗೊಡಿ ದಾರ ಕಡಿಯುತ್ತಾಳೆ. "ಅವರತ್ರ ಹೀಗೆ ಕೇಳುತ್ತಾ ನೋಡಿ. ಕೈಯಿಂದ ಕಿತ್ಕೊಂಡು ತಿನ್ನುತ್ತೆ."

ಮಗುವಿನ ಕೈ ಸುಟ್ಟ ದಿನವೂ ಹೀಗೇ ವ್ಯಾನ್ ಹಾರನ್ ಹೊಡೆಯುತ್ತಿತ್ತು. ಆಗ ಪೂಂಗೊಡಿ ಬನಿಯನ್ ಕಂಪನಿಯಲ್ಲಿ ಟೈಲರ್. ಅನ್ನ ಬಸಿದು ಗಂಜಿಯನ್ನು ಅಗಲವಾದ ಬೇಸನ್ನಿನಲ್ಲಿ ಹಿಡಿದಿದ್ದಳು. ಆ ಗಂಜಿಯಲ್ಲೇ ಒಂದಿಷ್ಟನ್ನು ತಣ್ಣಗಾಗಿಸಿ, ಉಪ್ಪು ಹಾಕಿ, ಒಂದೂವರೆ ವರ್ಷದ ಯಾಳಿನಿಗೆ ದಿನವೂ ಕುಡಿಸುತ್ತಿದ್ದಳು. ಅಮ್ಮ ಕರೆಯುವುದು, ಮಗು ತನ್ನ ಪುಟ್ಟ ಲೋಟ ಹಿಡಿದು ತಪ್ಪು ಹೆಜ್ಜೆ ಹಾಕುತ್ತಾ ಬರುವುದು, ಮನೆಯವರೆಲ್ಲ ನೋಡಿ ನಗುವುದು. ಅವತ್ತು ಬೇಸನ್ ಕಟ್ಟೆಯ ಮೇಲಿರದೆ ನೆಲದ ಮೇಲಿತ್ತು. ಪೂಂಗೊಡಿ ಕ್ಯಾರಿಯರಿನ ಮುಚ್ಚಳ ಹಾಕಲು ಆ ಕಡೆ ತಿರುಗಿದಳು. ಮಗು ತಾನೇ ಲೋಟ ಅದ್ದಲು ಬಗ್ಗಿತು, ಕಾಲು ಜಾರಿತು, ಎಡಗೈ ಭುಜದವರೆಗೂ ಗಂಜಿಯೊಳಗೆ ಹೋಯಿತು. ಗಂಜಿ ಬರೀ ನೀರಿನ ಹಾಗಲ್ಲ, ಅಂಟಿಕೊಳ್ಳುತ್ತದೆ.

"ಲೋಟ ತಗೊಂಡು ಬಾ ಅಂತ ಕಲಿಸಿದ್ದು ನಾನೇ ಅಕ್ಕಾ," ಅನ್ನುತ್ತಾಳೆ. "ಕಲಿಸಿದ ಹಾಗೇ ಬಂದ್ಲು."

ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸುವಾಗ ಮಗುವನ್ನು ಯಾರಾದರೂ ಹಿಡಿದುಕೊಳ್ಳಬೇಕು. ಪೂಂಗೊಡಿ ಹಿಡಿದಳು, ಮಗುವಿಗಿಂತ ಜೋರಾಗಿ ಅವಳೇ ಅತ್ತಳು. ನರ್ಸಮ್ಮ ಹೊರಗೆ ಕಳಿಸಿ, ಯಾರಾದರೂ ಗಟ್ಟಿ ಮನಸ್ಸಿನವರು ಬನ್ನಿ ಅಂದರು. "ಅತ್ತಿಗೆ ಒಳಗೆ ಹೋದ್ರು. ಹೋದವರು ಇನ್ನೂ ಹೊರಗೆ ಬಂದಿಲ್ಲ," ಎಂದು ನಗುತ್ತಾಳೆ. ನಗುವಿನಲ್ಲಿ ನಗು ಇಲ್ಲ. ಮನೆಗೆ ಬಂದ ಮೇಲೂ ಔಷಧಿ, ಎಣ್ಣೆ, ಬಿಗಿತೋಳು ಎಲ್ಲ ತುಳಸಿಮಣಿಯದೇ ಆಯಿತು. ಕಂಪನಿಯಲ್ಲಿ ಹೊಲಿದ ಬನಿಯನ್ ಪರೀಕ್ಷಿಸುವ ಚೆಕಿಂಗ್ ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ನೋಯಿಸುವವರೂ ಅವರೇ, ಸಮಾಧಾನ ಮಾಡುವವರೂ ಅವರೇ. ಮಗುವಿಗೆ ನೋವಾದರೆ ಬಾಯಿಗೆ ಬರುವ ಮಾತು 'ಅತ್ತೇ' ಆಯಿತು.

ಪೂಂಗೊಡಿಯ ಪಾಲಿಗೆ ಉಳಿದದ್ದು ಹೊಲಿಗೆ. ಆಸ್ಪತ್ರೆಯಲ್ಲಿ ಕೊಟ್ಟ ತೋಳು ಮೊಣಕೈ ಹತ್ತಿರ ಸುಕ್ಕುಗಟ್ಟಿ ಮಗುವಿಗೆ ಒತ್ತುತ್ತಿತ್ತು. ಅದನ್ನು ಎಳೆ ಎಳೆಯಾಗಿ ಬಿಚ್ಚಿ, ಕಂಪನಿಯಲ್ಲಿ ಉಳಿದ ತುಂಡು ಬಟ್ಟೆಯಲ್ಲಿ ಕತ್ತರಿಸಿ ನೋಡಿ, ಹಾಳು ಮಾಡಿ, ಮತ್ತೆ ಕತ್ತರಿಸಿ ಕಲಿತಳು. ಮಗಳ ತೋಳು ನೋಡಿದ ನರ್ಸಮ್ಮನೇ ಬೇರೆಯವರನ್ನು ಕಳಿಸತೊಡಗಿದರು. ಆಮೇಲೆ ಕಂಪನಿ ಬಿಟ್ಟಳು.

ನಾನು ಕೂತಿರುವಾಗಲೇ ಧಾರಾಪುರದ ಕಡೆಯ ಒಬ್ಬ ತಾಯಿ ಎರಡು ವರ್ಷದ ಗಂಡುಮಗುವನ್ನು ಹೊತ್ತು ಬರುತ್ತಾಳೆ. ಇಸ್ತ್ರಿಪೆಟ್ಟಿಗೆಯ ಗಾಯ. "ನಾನು ಫೋನ್ ಎತ್ತೋಕೆ ಹೋಗಿದ್ದೆ, ಒಂದೇ ನಿಮಿಷ," ಎಂದು ಕೇಳದೆಯೇ ಹೇಳತೊಡಗುತ್ತಾಳೆ. ಇಲ್ಲಿಗೆ ಬರುವವರೆಲ್ಲ ಹೀಗೇ, ಅಳತೆಗೆ ಮೊದಲು ಈ ಒಂದು ನಿಮಿಷವನ್ನು ಒಪ್ಪಿಸುತ್ತಾರಂತೆ. ಪೂಂಗೊಡಿ ಟೇಪು ಚಾಚಿದ್ದೇ ತಡ, ಹುಡುಗ ತಾಯಿಯ ಕುತ್ತಿಗೆ ಬಿಗಿಯಾಗಿ ತಬ್ಬಿ "ಅಮ್ಮಾ!" ಎಂದು ಬೊಬ್ಬೆ ಹೊಡೆಯುತ್ತಾನೆ. ತಾಯಿಯ ಕಣ್ಣಲ್ಲಿ ನೀರು.

"ನಿನಗೇನಮ್ಮಾ ಅಳೋಕೆ?" ಪೂಂಗೊಡಿಯ ದನಿ ಒರಟು. "ಯಾರನ್ನ ಕೂಗ್ತಾ ಇದಾನೆ ಕೇಳಿಸ್ತಾ ಇಲ್ವಾ? ಪುಣ್ಯವಂತೆ. ಕೈ ನೆಟ್ಟಗೆ ಹಿಡಿ."

ಅವರು ಹೋದ ಮೇಲೆ ನನಗೆ ಹೇಳುತ್ತಾಳೆ: "ಪಾಪ ಅನ್ಸುತ್ತೆ, ನಿಜ. ಅದಕ್ಕಿಂತ ಮೊದಲು ಹೊಟ್ಟೆ ಉರಿಯುತ್ತೆ. ಏನ್ ಮಾಡ್ಲಿ?"

ಬಾಟಲಿಗೆ ತೊಡಿಸಿಟ್ಟಿರುವ ತೋಳು ಯಾಳಿನಿಯದು ಎಂದು ಆಗಷ್ಟೇ ಗೊತ್ತಾಗುತ್ತದೆ. ಇದೇ ಕೊನೆಯದು, ಆಮೇಲೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮನೆಯವರೆಲ್ಲ ಮುರುಗನಿಗೆ ಹರಕೆ ತೀರಿಸುವ ಮಾತಾಡುತ್ತಿದ್ದಾರೆ. ಪೂಂಗೊಡಿ ಮಾತ್ರ ಹೊಲಿದದ್ದನ್ನು ಬಿಚ್ಚುತ್ತಾ, ಬಿಚ್ಚಿದ್ದನ್ನು ಹೊಲಿಯುತ್ತಾ ಇದ್ದಾಳೆ.

"ಇದು ಮುಗಿದ್ರೆ ಅವಳಿಗೆ ನೋವಾಗೋದೇ ಇಲ್ಲ. ದೇವರು ದೊಡ್ಡವನು. ಆದ್ರೆ ಅಕ್ಕಾ, ನೋವಾದಾಗ ನನ್ನ ಹತ್ರ ಒಂದು ಸಲಾನೂ ಬರ್ಲಿಲ್ಲ. ನನ್ನನ್ನ ಒಂದು ಸಲಾನೂ ಕಚ್ಚಲಿಲ್ಲ."

ಬಾಗಿಲಲ್ಲಿ ಸಾಂಬಾರ್ ಈರುಳ್ಳಿ ಸುಲಿಯುತ್ತಾ ಕೂತಿದ್ದ ತುಳಸಿಮಣಿಯನ್ನು ನಾನು ಸುಮ್ಮನೆ ಎಂಬಂತೆ ಕೇಳುತ್ತೇನೆ: ಇಷ್ಟು ತಾಳ್ಮೆ ಎಲ್ಲಿಂದ ಬಂತು?

"ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ ಅಮ್ಮಣ್ಣೀ," ಅವರು ಮೂಗು ಒರೆಸಿಕೊಳ್ಳುತ್ತಾರೆ, ಈರುಳ್ಳಿಗೋ ಏನೋ. "ಹಿಂದಿನ ದಿನ ನಾನೇ ಹೇಳಿದ್ದು, ಗಂಜಿ ಚೆಲ್ಲಬೇಡ, ಸೀರೆಗೆ ಹಾಕ್ಬೇಕು, ಬೇಸನ್ನು ಕೆಳಗಿಟ್ಟಿರು ಅಂತ. ನನ್ನ ಕಾಟನ್ ಸೀರೆ ಗರಿಗರಿಯಾಗಿ ನಿಲ್ಲಬೇಕಿತ್ತಲ್ಲ, ಕಂಪನಿಗೆ ಹೋಗೋ ಮಹಾರಾಣಿ! ಆ ಮಗು ಕೈ ಸುಟ್ಟಿದ್ದು ನಾನು. ಅದಕ್ಕೇ ಕಚ್ಚಿಸ್ಕೋತೀನಿ."

ಮಷಿನ್ನಿನ ಸದ್ದು ನಿಲ್ಲುತ್ತದೆ. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಈ ಮಾತು ಇಬ್ಬರ ನಡುವೆ ಬಂದೇ ಇಲ್ಲ ಎಂಬುದು ಪೂಂಗೊಡಿಯ ಮುಖದಲ್ಲೇ ಕಾಣುತ್ತದೆ.

"ಏನಂದ್ರಿ ಅತ್ತಿಗೆ? ಬೇಸನ್ ಕೆಳಗಿಟ್ಟಿದ್ದು ನನ್ನ ಕೈ. ಬೆನ್ನು ತಿರುಗಿಸಿ ನಿಂತಿದ್ದು ನಾನು. ನೀವು ಸ್ನಾನಕ್ಕೆ ಹೋಗಿದ್ರಿ."

"ಇಡು ಅಂದವಳು ಯಾರು?"

"ಯಾರಂದ್ರೂ ಹೆತ್ತವಳಿಗೆ ಕಣ್ಣಿರ್ಬೇಕಿತ್ತು!" ಪೂಂಗೊಡಿ ನನ್ನ ಕಡೆ ತಿರುಗುತ್ತಾಳೆ. "ನೋಡಿದ್ರಾ ಅಕ್ಕಾ? ಮಗೂನ ತಗೊಂಡ್ರು. ಈಗ ತಪ್ಪನ್ನೂ ತಗೋತಾರಂತೆ! ನಂದು ಅಂತ ಅದೊಂದಾದ್ರೂ ಉಳಿದಿತ್ತು."

ನಾನು ಪೆನ್ನು ಮುಚ್ಚಿಡುತ್ತೇನೆ. ತುಳಸಿಮಣಿ ಕೈಯಲ್ಲಿದ್ದ ಈರುಳ್ಳಿಯನ್ನು ಸುಲಿದು ಮುಗಿಸುತ್ತಾರೆ. ಆಮೇಲೆ ಮೊರ ತೆಗೆದುಕೊಂಡು ಏಳುತ್ತಾರೆ.

"ಸರಿ. ತಪ್ಪು ನೀನೇ ಇಟ್ಕೋ. ಹಾಗಿದ್ರೆ ನಾಳೆ ಬೆಳಗ್ಗೆ ತೋಳೂ ನೀನೇ ಹಾಕು. ನಾನು ಹಿತ್ತಲಲ್ಲಿರ್ತೀನಿ. ಕೂಗಿದ್ರೂ ಬರೋದಿಲ್ಲ."

ಮರುದಿನ ನಾನು ಹೋಗುವ ಹೊತ್ತಿಗೆ ಸ್ನಾನ ಮುಗಿದಿದೆ. ಯಾಳಿನಿ ಮಣೆಯ ಮೇಲೆ ಕೂತಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು. ಪೂಂಗೊಡಿ ಹೊಸ ತೋಳನ್ನು ಬಾಟಲಿಯಿಂದ ಬಿಡಿಸಿ ತರುತ್ತಾಳೆ.

"ಅತ್ತೆ ಎಲ್ಲಿ?"

"ಇವತ್ತು ಅಮ್ಮ ಹಾಕ್ತೀನಿ ಕಣೇ."

"ಬೇಡ." ಮಗು ಅಮ್ಮನ ಮುಖವನ್ನೇ ನೋಡುತ್ತದೆ. "ನೀನು ಅಳ್ತೀಯ. ಅತ್ತೆ ಅಳಲ್ಲ."

ಪೂಂಗೊಡಿ ಪೌಡರ್ ಡಬ್ಬಿ ಎತ್ತಿಕೊಳ್ಳುತ್ತಾಳೆ. "ಅಳಲ್ಲ," ಅನ್ನುತ್ತಾಳೆ.

ಪೌಡರ್ ಹಾಕಿ, ತೋಳನ್ನು ಸುರುಳಿ ಮಾಡಿ, ಬೆರಳುಗಳಿಂದ ಮೇಲಕ್ಕೆ ಎಳೆಯತೊಡಗುತ್ತಾಳೆ. ಮಣಿಕಟ್ಟು ದಾಟುವವರೆಗೆ ಮಗು ಸುಮ್ಮನಿದೆ. ಮೊಣಕೈಗೆ ಬಂದಾಗ "ಅತ್ತೇ!" ಎಂದು ಚೀರುತ್ತದೆ. ಹಿತ್ತಲಿನ ಸದ್ದು ತಟ್ಟನೆ ನಿಲ್ಲುತ್ತದೆ. "ಅತ್ತೇ! ಅತ್ತೇ!" ಮತ್ತೆ ಬಟ್ಟೆ ಕಲ್ಲಿಗೆ ಬೀಳುತ್ತದೆ, ಮೊದಲಿಗಿಂತ ಜೋರಾಗಿ. ಪೂಂಗೊಡಿ ಎಳೆಯುವುದನ್ನು ಬಿಡುವುದಿಲ್ಲ. ಮಗು ಸುತ್ತ ನೋಡುತ್ತದೆ, ಯಾರೂ ಬರುತ್ತಿಲ್ಲ. ಬಗ್ಗಿ ಅಮ್ಮನ ಮುಂಗೈಗೆ ಬಾಯಿ ಹಾಕಿ, ಕಣ್ಣು ಮುಚ್ಚಿ, ಇದ್ದ ಬಲವೆಲ್ಲ ಹಾಕಿ ಕಚ್ಚುತ್ತದೆ.

ಪೂಂಗೊಡಿ ಕೈ ಕೊಡವುವುದಿಲ್ಲ. ಇನ್ನೊಂದು ಕೈಯಿಂದ ತೋಳನ್ನು ಭುಜದವರೆಗೆ ಎಳೆದು ಮುಗಿಸುತ್ತಾಳೆ.

"ಕೆಟ್ಟ ಅಮ್ಮ ನೀನು!" ಮಗು ಬಿಕ್ಕುತ್ತದೆ. "ಕೆಟ್ಟ ಅಮ್ಮ!"

"ಹೌದು ಕಣೇ. ಕೆಟ್ಟ ಅಮ್ಮನೇ. ಎಲ್ಲಿ, ಬೆರಳು ಆಡಿಸು ನೋಡೋಣ."

ಬೆರಳು ಆಡಿಸುತ್ತದೆ. ಆಮೇಲೆ ಮೂಗಿನ ಸಿಂಬಳವನ್ನೆಲ್ಲ ಅಮ್ಮನ ಭುಜಕ್ಕೆ ಒರೆಸಿ, ಅಲ್ಲೇ ಮುಖ ಇಟ್ಟು, ಮೇಜಿನ ಮೇಲಿದ್ದ ಬಿಸ್ಕತ್ತಿಗೆ ಕೈ ಚಾಚಿ, ಯಾರನ್ನೂ ಕೇಳದೆ ಎರಡು ಎತ್ತಿಕೊಳ್ಳುತ್ತದೆ.

ತುಳಸಿಮಣಿ ಒದ್ದೆ ಸೀರೆಯಲ್ಲೇ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಒಳಗೆ ಬರುತ್ತಾರೆ. ಪೂಂಗೊಡಿಯ ಕೈ ಎಳೆದುಕೊಂಡು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಹಲ್ಲಿನ ಸಾಲು ಕೆಂಪಗೆ ಎದ್ದಿದೆ, ಒಂದು ಕಡೆ ರಕ್ತ ಜಿನುಗಿದೆ. ಅವರು ತಮ್ಮ ಕೈಯನ್ನು ಅದರ ಪಕ್ಕ ಇಡುತ್ತಾರೆ, ಅದನ್ನೂ ನೋಡುತ್ತಾರೆ.

"ನಂಗೆ ಇಷ್ಟು ಜೋರಾಗಿ ಯಾವತ್ತೂ ಕಚ್ಚಿಲ್ಲ," ಅನ್ನುತ್ತಾರೆ. ಎಣ್ಣೆಯ ಮುಚ್ಚಳ ತೆಗೆಯುತ್ತಾರೆ.

ಪೂಂಗೊಡಿ ತಟಕ್ಕನೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. "ಎಣ್ಣೆ ಆಮೇಲೆ ಅತ್ತಿಗೆ." ನನ್ನ ಕಡೆಗೆ ಮುಂಗೈ ಚಾಚುತ್ತಾಳೆ.

"ಫೋಟೊ ತೆಗೀರಿ ಅಕ್ಕಾ. ಮುಖ ಬೇಡ, ಇದೊಂದೇ ಸಾಕು. ಬೇಗ ತೆಗೀರಿ, ಮಾಸಿ ಹೋಗೋದ್ರೊಳಗೆ."