ಆಂಬುಲೆನ್ಸಿನ ಹಿಂಭಾಗದಲ್ಲಿ ಇನ್ನೊಬ್ಬರು

ದೆವ್ವ, ಗಾಳಿ, ಮೈಮೇಲೆ ಬರುವುದು, ಇವೆಲ್ಲ ಕೆಲಸವಿಲ್ಲದವರು ಹುಟ್ಟಿಸಿದ ಮಾತು ಎಂದು ವಾದಿಸುತ್ತಿದ್ದವಳು ನಾನು. ನಮ್ಮ ವೃತ್ತಿಯವರ ಬಳಿ ಇಂಥ ಕಥೆಗಳು ಬೇಕಾದಷ್ಟಿರುತ್ತವೆ. ಯಾರಾದರೂ ಶುರು ಮಾಡಿದರೆ, "ಸಾಕು ಬಿಡ್ರಪ್ಪ, ಮೊದಲು ಆಕ್ಸಿಜನ್ ಎಷ್ಟಿದೆ ನೋಡಿ" ಎಂದು ಎದ್ದು ಹೋಗುತ್ತಿದ್ದೆ. ಈಗ ನಾನು ಹೇಳಲಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಗುಂಡ್ಲುಪೇಟೆ ಕಡೆಯ ಆಂಬುಲೆನ್ಸಿನಲ್ಲಿ ನಾನು ನರ್ಸು. ಗಾಡಿಗೆ ಸಿಬ್ಬಂದಿ ಇಬ್ಬರೇ: ಮುಂದೆ ಡ್ರೈವರ್ ಸಿದ್ದರಾಜು, ಹಿಂದೆ ನಾನು. ರೋಗಿಯ ಜೊತೆ ಮನೆಯವರು ಒಬ್ಬರಷ್ಟೇ ಹತ್ತಬೇಕೆಂಬುದು ನಿಯಮ. ಆದರೆ ನಮ್ಮ ಹಳ್ಳಿಗಳಲ್ಲಿ ಒಬ್ಬರಿಗೆ ಹುಷಾರಿಲ್ಲವೆಂದರೆ ಇಡೀ ಬೀದಿಯೇ ಗಾಡಿ ಹತ್ತಲು ಬರುತ್ತದೆ. ಒಮ್ಮೆ ಯಾರದೋ ಕಣ್ಣೀರು ನೋಡಲಾರದೆ ಹೆಚ್ಚು ಜನರನ್ನು ಹತ್ತಿಸಿಕೊಂಡು ಸಿದ್ದರಾಜು ಮೆಮೋ ತಿಂದಿದ್ದ. ಅಲ್ಲಿಂದಾಚೆ, ಹಿಂಭಾಗ ಕಾಣುವ ಗಾಜಿನ ಕಿಂಡಿಯಲ್ಲಿ ಇಣುಕಿ ತಲೆ ಎಣಿಸದೆ ಅವನು ಗಾಡಿ ಎತ್ತುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಚೆಂಡು ಹೂವು ಕೊಯ್ಯುವ ಕಾಲ. ಮಟಮಟ ಮಧ್ಯಾಹ್ನ ಭೀಮನಬೀಡಿನಿಂದ ಕರೆ ಬಂತು. ರೂಪಾ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ ನೋವು. ಬಿಪಿ ಹೆಚ್ಚಿದ್ದುದರಿಂದ ಚಾಮರಾಜನಗರದ ದೊಡ್ಡಾಸ್ಪತ್ರೆಗೇ ಹೋಗಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಅತ್ತೆ ಪುಟ್ಟಮ್ಮ ಗಾಡಿಯ ಬಾಗಿಲು ಹಿಡಿದು ನಿಂತುಬಿಟ್ಟರು.

"ನನ್ ಸೊಸೆ ಕಣವ್ವ, ನಾನೂ ಬತ್ತೀನಿ. ಹೆರ್ಗೆ ನೋವು ಆ ಗಂಡುಸ್ಗೇನ್ ಗೊತ್ತು?"

ರಕ್ತ ಬೇಕಾದರೆ ಕೊಡಲು ಗಂಡನಿರಲಿ, ನೀವು ಬಸ್ಸಿಗೆ ಬನ್ನಿ ಎಂದು ಕೈ ಬಿಡಿಸಿ ಬಾಗಿಲು ಹಾಕಿದೆ. ಮುದುಕಿ ಬೈದದ್ದು ಬೀದಿ ತಿರುಗುವವರೆಗೂ ಕೇಳುತ್ತಿತ್ತು. ಆದರೆ ಆಕೆ ಹೇಳಿದ್ದೇ ನಿಜವಾಯಿತು. ಗಂಡ ಮಾದೇಶ ನೆತ್ತರು ಕಂಡದ್ದೇ ತಡ, ಕಣ್ಣು ತೇಲಿಸಿ ಒರಗಿದ. ಗಾಡಿ ನಿಲ್ಲಿಸಿ, ಮುಖಕ್ಕೆ ನೀರು ಚಿಮುಕಿಸಿ, ಅವನನ್ನು ಮುಂದೆ ಸಿದ್ದರಾಜುವಿನ ಪಕ್ಕ ಕೂರಿಸಿದೆವು. ಹಿಂದೆ ಉಳಿದವರು ನಾನು, ರೂಪಾ, ಇಬ್ಬರೇ.

ತೆರಕಣಾಂಬಿ ದಾಟಿದ ಮೇಲೆ ಹೆರಿಗೆಯಾಗಿಯೇ ಹೋಯಿತು. ಹೆಣ್ಣು ಮಗು. ಅಳಲಿಲ್ಲ. ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ, ಉಸಿರೇ ಇಲ್ಲ. ಮೈ ನೀಲಿಗಟ್ಟುತ್ತಿತ್ತು. ಅತ್ತ ತಾಯಿಗೆ ಮಾಸು ಬಿದ್ದು ರಕ್ತ ಹರಿಯತೊಡಗಿತು. ಇಂಜೆಕ್ಷನ್ ಚುಚ್ಚಿದೆ. ಆದರೆ ಅಷ್ಟೇ ಸಾಲದು, ಗರ್ಭಕೋಶ ಗಟ್ಟಿಯಾಗುವ ತನಕ ಕೈ ತೆಗೆಯದೆ ಹೊಟ್ಟೆ ನೀವುತ್ತಿರಬೇಕು. ಇಲ್ಲದಿದ್ದರೆ ಬಾಣಂತಿ ಕಣ್ಣೆದುರೇ ಹೋಗಿಬಿಡುತ್ತಾಳೆ. ಮಗುವಿಗೂ ಅಷ್ಟೇ, ಪುಟ್ಟ ಮಾಸ್ಕು ಮುಖಕ್ಕೊತ್ತಿ ಉಸಿರೂಡುವ ಚೀಲ ಅದುಮುತ್ತಲೇ ಇರಬೇಕು. ಎರಡು ಜೀವ, ನನ್ನವು ಎರಡೇ ಕೈ. "ನಿಲ್ಲಿಸ್ಬೇಡ, ಓಡ್ಸು!" ಎಂದು ಕೂಗಿ ನಾನು ಮಗುವಿನ ಕಡೆ ತಿರುಗಿದೆ. ರೂಪಾ ನನ್ನ ಬೆನ್ನ ಹಿಂದೆ ಉಳಿದಳು. ಅಯ್ಯೋ ದೇವರೇ, ಆ ಸಂಕಟ ಯಾವ ಶತ್ರುವಿಗೂ ಬೇಡ.

ಅದುಮುತ್ತಾ ಅದುಮುತ್ತಾ ಒಂದು ತಿರುವಿನಲ್ಲಿ ಗಾಡಿ ವಾಲಿತು. ಹಿಂದಕ್ಕೆ ಬೀಳಬೇಕಿದ್ದ ನನ್ನನ್ನು ಯಾರದೋ ಬೆನ್ನು ತಡೆಯಿತು. ಬೆಚ್ಚಗಿನ ಮನುಷ್ಯರ ಬೆನ್ನು, ಅದರಲ್ಲಿ ಅನುಮಾನವಿಲ್ಲ. ಏನೋ ಕೆಲಸ ಮಾಡುವವರ ಬೆನ್ನಿನಂತೆ ಅದು ಅಲ್ಲಾಡುತ್ತಿತ್ತು. ನನಗೆ ಭಯವಾಗಲಿಲ್ಲ. ಸದ್ಯ, ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದಷ್ಟೇ ಅನ್ನಿಸಿತು. ಯಾರು ಎಂಬ ಪ್ರಶ್ನೆಯೇ ಆಗ ಹೊಳೆಯಲಿಲ್ಲ.

ಕೊನೆಗೆ ಮಗು ಬಿಕ್ಕಿ, ಕಿರ್ರೆಂದು ಅತ್ತಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ರೂಪಾಳ ಹೊಟ್ಟೆ ಮುಟ್ಟಿದೆ, ತೆಂಗಿನಕಾಯಿಯಂತೆ ಗಟ್ಟಿಯಾಗಿತ್ತು. ರಕ್ತ ನಿಂತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಸಿದ್ದರಾಜು ಸಿಡಿಮಿಡಿಗುಟ್ಟುತ್ತಲೇ ಇಳಿದ. "ಅಲ್ಲಾ ಸಿಸ್ಟರ್, ರೂಲ್ಸು ಅಂತ ಆ ಅತ್ತೇನ ಬುಟ್ಬುಟ್ಟು ಬಂದು, ಇನ್ಯಾರೋ ಎಂಗುಸ್ನ ಅತ್ತುಸ್ಕಂಡಿದ್ದೀರಲ್ಲ! ಬಾಣಂತಿ ಒಟ್ಟೆ ನೀವ್ತಾ ಕೂತಿದ್ರು, ಗಾಜಲ್ಲಿ ಕಂಡೆ. ನಾಳೀಕೆ ಮೆಮೋ ಬಂದ್ರೆ ಯಾರ್ ಉತ್ರ ಕೊಡೋರು?" ನಾನು ಸ್ಟ್ರೆಚರ್ ತಳ್ಳಿಕೊಂಡು ನಡೆದೆ. ಒಳಗೆ ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆ ಚೆನ್ನಾಗಿ ನೀವಿದ್ದೀಯಮ್ಮ, ಇಲ್ಲದಿದ್ದರೆ ಕಷ್ಟವಿತ್ತು ಎಂದು ನನ್ನ ಬೆನ್ನು ತಟ್ಟಿದರು. ಸಂಜೆ ರೂಪಾ ಕಣ್ಣು ಬಿಟ್ಟು, "ಆ ಅವ್ವ ಎಲ್ಲೋದ್ರು?" ಎಂದಳು. ಅವಳ ಅತ್ತೆ ಅಷ್ಟೊತ್ತಿಗೆ ಬಸ್ಸಿನಲ್ಲಿ ಬಂದು ಪಕ್ಕದಲ್ಲೇ ಕೂತಿದ್ದರು. ಅವರಲ್ಲ ಎಂದು ರೂಪಾ ತಲೆಯಾಡಿಸಿದಳು.

ಗಾಜಿನ ನೆರಳು, ಬಾಣಂತಿಯ ಮಂಪರು, ನನ್ನ ಆಯಾಸ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡು ಸುಮ್ಮನಿದ್ದೆ.

ಆದರೆ ಕೊನೆತನಕ ಸುಮ್ಮನಿರಲು ಆಗಲಿಲ್ಲ. ಮರುವರ್ಷ ಆಂಬುಲೆನ್ಸ್ ನಿಯಮಗಳ ಬಗ್ಗೆ ಮಾತಾಡಲು ರಾಜ್ಯಮಟ್ಟದ ಅಧಿಕಾರಿಗಳು ಚಾಮರಾಜನಗರಕ್ಕೆ ಬಂದರು. ಹೆರಿಗೆ ಕರೆಗಳಿಗಾದರೂ ಹಿಂಭಾಗದಲ್ಲಿ ತರಬೇತಾದ ಇನ್ನೊಬ್ಬರು ಬೇಕೆಂಬುದು ನಮ್ಮೆಲ್ಲರ ಬೇಡಿಕೆ. ರೂಪಾಳ ಹೆರಿಗೆಯ ವರದಿ ಓದಿದ್ದ ಹಿರಿಯ ಅಧಿಕಾರಿಯೊಬ್ಬರು ನನ್ನನ್ನೇ ತೋರಿಸಿ, ಈ ಸಿಸ್ಟರ್ ಒಬ್ಬರೇ ಎರಡು ಜೀವ ಉಳಿಸಲಿಲ್ಲವೇ, ಮನಸ್ಸಿದ್ದರೆ ಒಬ್ಬರು ಸಾಕು ಎಂದರು. ಚಪ್ಪಾಳೆ ಬಿತ್ತು. ನಾನು ಬಾಯಿ ಮುಚ್ಚಿಕೊಂಡರೆ ಆ ಬೇಡಿಕೆ ಅಲ್ಲಿಗೇ ಮುಗಿಯುತ್ತಿತ್ತು. ನಾಳೆ ಇನ್ನೊಬ್ಬ ರೂಪಾ ಯಾವುದೋ ನರ್ಸಿನ ಬೆನ್ನ ಹಿಂದೆ ರಕ್ತ ಹರಿದು ಸಾಯುತ್ತಾಳೆ.

ಎದ್ದು ನಿಂತೆ. "ಸರ್, ಅವತ್ತು ನಾನೊಬ್ಬಳೇ ಇರಲಿಲ್ಲ."

ಮತ್ಯಾರಿದ್ದರು ಎಂದರು. ಗೊತ್ತಿಲ್ಲ ಸರ್ ಎಂದೆ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಸಿದ್ದರಾಜು, "ಔದು ಸಾ, ಇನ್ನೊಬ್ರು ಇದ್ರು. ಕಣ್ಣಾರೆ ಕಂಡಿವ್ನಿ. ಮೆಮೋ ಕೊಡದಾದ್ರೆ ನನ್ಗೇ ಕೊಡಿ" ಎಂದ. ನಗು ನಿಂತಿತು. ಆ ಅಧಿಕಾರಿ ನಮ್ಮಿಬ್ಬರನ್ನೂ ನೋಡಿ, ಅಂದರೆ ಎರಡನೆಯವರು ಬೇಕೇ ಬೇಕು ಅನ್ನಿ ಎಂದರು. ಅವರು ನಂಬಿದರೋ, ಮರುಕಪಟ್ಟರೋ ನಾನರಿಯೆ. ಈಗ ನಮ್ಮ ಕಡೆ ಹೆರಿಗೆ ಕರೆ ಬಂದರೆ ತರಬೇತಿ ಪಡೆದ ಆಶಾ ಕಾರ್ಯಕರ್ತೆಯೊಬ್ಬರು ನನ್ನ ಜೊತೆ ಹಿಂದೆ ಕೂರುತ್ತಾರೆ. ನನಗೆ ಎಷ್ಟು ನೆಮ್ಮದಿ ಎಂದರೆ ಹೇಳತೀರದು.

ರೂಪಾಳ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಆ ಕಡೆ ಹೋದಾಗೆಲ್ಲ ಗಾಡಿಯ ಸದ್ದಿಗೆ ಓಡಿ ಬಂದು ಕೈ ಬೀಸುತ್ತಾಳೆ. ಒಂದೇ ಒಂದು ಸಲ ತಿರುಗಿ ಆ ಹೆಂಗಸಿನ ಮುಖ ನೋಡಬಹುದಿತ್ತಲ್ಲ ಎಂದು ಇವತ್ತಿಗೂ ಚಡಪಡಿಸುತ್ತೇನೆ. ಆದರೆ ತಿರುಗಿದ್ದರೆ, ಈ ಕೂಸಿನ ಉಸಿರನ್ನು ನಾನು ಕೈಬಿಡಬೇಕಾಗುತ್ತಿತ್ತು.