ಓಬಳೇಶನ ಮಂಗಳವಾರದ ರಜೆ

ನಂಬಲು ಆಗುತ್ತಿಲ್ಲ ಫ್ರೆಂಡ್ಸ್...
ನಸುಕಿನಲ್ಲಿ ಫೋನ್ ಮಾಡಿದವರನ್ನೇ ಬೈದೆ. ತಮಾಷೆಗೂ ಒಂದು ಮಿತಿ ಬೇಡವೇ ಎಂದೆ.
ನಮ್ಮ ಓಬಳೇಶ ಇಲ್ಲವಂತೆ...
ರಾತ್ರಿ ಎದೆನೋವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವನು ಕಾನಹೊಸಹಳ್ಳಿ ಕಡೆಯ ಹಟ್ಟಿಯವನು, ನಾನು ಕೊಟ್ಟೂರಿನವನು.
ಸೋಶಿಯಲ್ ಇನೋವೇಷನ್ ಫೆಲೋಶಿಪ್‌ನಲ್ಲಿ ಒಂದೇ ಬ್ಯಾಚ್, ಒಂದೇ ರೂಮು.
ಅವನ ಹಟ್ಟಿಯಿಂದ ಹೈವೇ ಬಸ್‌ಸ್ಟಾಪಿಗೆ ಕತ್ತಲಲ್ಲೇ ಜಾಲಿ ಪೊದೆಗಳ ನಡುವೆ ನಡೆಯಬೇಕು. ಕರಡಿ ಭಯ...
ಹತ್ತನೇ ಕ್ಲಾಸ್ ಆಯಿತೆಂದರೆ ಹೆಣ್ಣುಮಕ್ಕಳ ಓದು ಅಲ್ಲಿಗೇ ಮುಗಿಯುತ್ತಿತ್ತು.
ಇವನು ಹುಡುಗಿಯರನ್ನೆಲ್ಲ ಗುಂಪು ಮಾಡಿ, ತಮಟೆ ಬಾರಿಸುತ್ತ ದಿನಾ ಕಾಲೇಜಿನ ಬಸ್ಸಿಗೆ ಮುಟ್ಟಿಸುತ್ತಿದ್ದ. ಅದೇ ಅವನ ಪ್ರಾಜೆಕ್ಟ್.

ಫೈನಲ್ ಪ್ರೆಸೆಂಟೇಷನ್‌ನಲ್ಲಿ ಫೆಲೋಶಿಪ್ ನಡೆಸುವ ಮೇಡಂ ಕೇಳಿದರು, ನೀವು ಇಲ್ಲದಿದ್ದರೆ ಇದನ್ನು ಯಾರು ನಡೆಸುತ್ತಾರೆ?
ನಾವೆಲ್ಲ ಕಮಿಟಿ, ಟ್ರಸ್ಟ್ ಎಂದು ಸ್ಲೈಡು ತೋರಿಸಿ ಬಚಾವಾಗಿದ್ದೆವು.
"ನಾನ್ ಎಲ್ಲಿಗ್ ಹೋಗ್ಲಿ ಮೇಡಂ, ಅಲ್ಲೇ ಇರ್ತೀನ್ರಿ" ಎಂದ ಇವನು.
ಹಾಲ್ ತುಂಬ ನಗು...

ಆ ನಗು ಚುಚ್ಚಿತೋ ಏನೋ.
ಮುಂದೆ ಪ್ರತಿ ಸೋಮವಾರ ಸಂಜೆ ನಮ್ಮ ಮನೆಗೆ ಬಂದುಬಿಡುತ್ತಿದ್ದ. ಮಂಗಳವಾರ ಮಧ್ಯಾಹ್ನದವರೆಗೆ ಫೋನ್ ಸ್ವಿಚ್ ಆಫ್.
ತಾನಿಲ್ಲದಾಗ ತಾಯಂದಿರು ಮುಂದೆ ಬರುತ್ತಾರೋ ಇಲ್ಲವೋ ನೋಡಬೇಕಿತ್ತು ಅವನಿಗೆ.
ಮೊದಲ ಮಂಗಳವಾರ ಒಬ್ಬ ಹುಡುಗಿಯೂ ಕಾಲೇಜಿಗೆ ಹೋಗಲಿಲ್ಲ.

ಲೇ ಓಬಳೇಶಾ...
ನಮ್ಮವ್ವ ಕೊಟ್ಟ ಮಂಡಕ್ಕಿ ಮಿರ್ಚಿ ಮುಟ್ಟದೆ, ಬಾಗಿಲನ್ನೇ ನೋಡುತ್ತ ಚಡಪಡಿಸುತ್ತಿದ್ದೆಯಲ್ಲೋ...
ಫೋನ್ ಆನ್ ಮಾಡು ಎಂದರೆ ನನಗೇ ಬೈಗುಳ.
ಕೊನೆಗೊಂದು ಮಂಗಳವಾರ ಆ ತಾಯಂದಿರಲ್ಲೊಬ್ಬಳು, ಹುಲಿಗೆಮ್ಮಕ್ಕ, ತಾನೇ ತಮಟೆ ಹಿಡಿದು ಮಕ್ಕಳನ್ನು ಬಸ್ ಹತ್ತಿಸಿದಳು ಎಂದು ತಿಳಿದಾಗ, ತಟ್ಟೆ ಖಾಲಿ ಮಾಡಿ ಮತ್ತೊಂದು ತಟ್ಟೆ ಕೇಳಿದೆಯಲ್ಲೋ.
ಹುಚ್ಚ ಎಂದಿದ್ದೆ ನಿನಗೆ. ಈಗಲೂ ಅನ್ನುತ್ತೇನೆ...
ಹೀಗೆ ಹೇಳದೆ ಕೇಳದೆ ಹೋಗುತ್ತಾರೇನೋ?

ಇಂದು ಮಂಗಳವಾರವಲ್ಲ. ತಾಯಂದಿರ ಪಾಳಿಯ ದಿನವಲ್ಲ.
ಹುಡುಗಿಯರಿಗೆ ಪರೀಕ್ಷೆ ಬೇರೆ.
ಇಡೀ ಹಟ್ಟಿ ಅಳುತ್ತಿರುವಾಗ ಅವರನ್ನು ಯಾರು ಕರೆದೊಯ್ಯುತ್ತಾರೆ... ಬೈಕ್ ಮೇಲೆ ದಾರಿಯುದ್ದಕ್ಕೂ ಇದೇ ಯೋಚನೆ.
ಹೈವೇಯಿಂದ ಹಟ್ಟಿ ಕಡೆ ತಿರುಗಿದರೆ, ಎದುರಿಗೆ ಹುಲಿಗೆಮ್ಮಕ್ಕ. ಕೈಯಲ್ಲಿ ತಮಟೆ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.
ಬೈಕ್ ನಿಲ್ಲಿಸಿ, ಹುಡುಗಿಯರು ಎಲ್ಲಿ ಎಂದೆ.
"ಎಲ್ಲಾರ್ನೂ ಬಸ್ ಹತ್ತಿಸೀನ್ರಿ. ಅಳ್ಕೊಂತನ ಹೋದ್ವು. ಅವು ಬರೋತನ ಮಣ್ಣು ಮಾಡಬಾರ್ದು ಅಂತ ಹಿರೇರು ಮಾತಾಡ್ಯಾರ."

ಈಗ ಎಲ್ಲರೂ ಹಟ್ಟಿಯಲ್ಲಿ ಕುಳಿತಿದ್ದೇವೆ. ಭಜನೆ ನಡೆದಿದೆ. ಮೇಡಂ ಕೂಡ ಬಂದು ಒಂದು ಮೂಲೆಯಲ್ಲಿ ಕುಳಿತಿದ್ದಾರೆ.
ಹೊಸ ಬ್ಯಾಚಿಗೆ ಅರ್ಜಿ ಹಾಕುವ ತಮ್ಮಂದಿರೇ, ತಂಗಿಯರೇ... ಸಾಧ್ಯವಾದರೆ ಇವತ್ತು ಇಲ್ಲಿಗೆ ಬನ್ನಿ.
ಊರಿಗೆ ಊರೇ ಸಂಜೆಯ ಬಸ್ಸಿಗೆ ಕಾಯುತ್ತಿದೆ.

ಅವಸರವಿಲ್ಲ ಗೆಳೆಯಾ...
ಮಕ್ಕಳು ಪರೀಕ್ಷೆ ಬರೆದು ಬರಲಿ, ನಿನ್ನ ಮುಖ ನೋಡಲಿ.
ಆಮೇಲೆ ನೆಮ್ಮದಿಯಾಗಿ ಮಲಗು. ನಿನ್ನ ಜೀವ ತಣ್ಣಗಿರಲಿ.