ಅಂಗೈಗೆ ತಿಳಿಯದ ಏಟು

2025ರ ಫೆಬ್ರುವರಿ 11, ಮಂಗಳವಾರ, ಬೆಳಗಿನ 6 ಗಂಟೆ 20 ನಿಮಿಷ. ಇಂಡಿ ಪಟ್ಟಣದ ಬಸ್ ನಿಲ್ದಾಣದಾಚೆ ತಗಡಿನ ಚಪ್ಪರದಡಿ ಕುತುಬುದ್ದೀನ ಒಂದು ಹಳೆಯ ವ್ಯಾನಿನ ಮುಂದಿನ ಗಾಜಿಗೆ ಟೇಪು ಹಿಡಿದು ನಿಂತಿದ್ದಾರೆ. ಸೀಳನ್ನು ಅಳೆದು, ಗಾಡಿಯವನಿಗೆ ಹೇಳಿ, ಆಮೇಲೆಯೇ ಗಾಜು ಕೀಳುವುದು ಅವರ ಪದ್ಧತಿ.

"ನಲವತ್ತೊಂದು ಸೆಂಟಿಮೀಟರ್. ಇದು ತಡಿಯಂಗಿಲ್ಲ ದುಂಡೇಶಾ, ತೆಗೀಬೇಕು."

ಅಗರಖೇಡದ ದುಂಡೇಶ ಎಂಟು ಗಂಟೆಗೆ ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳಬೇಕು. "ತೆಗೀರಿ ಕಾಕಾ, ಲಗೂನ ತೆಗೀರಿ."

ಈ ಕೆಲಸಕ್ಕೆ ಇಬ್ಬರು ಬೇಕು. ಹೊಸ ಗಾಜಿನ ಸುತ್ತ ರಬ್ಬರು ಪಟ್ಟಿ ತೊಡಿಸಿ, ಅದರ ಅಂಚಿನೊಳಗೆ ಹತ್ತಿಯ ಹುರಿ ಹುದುಗಿಸುತ್ತಾರೆ. ಪತ್ನಿ ಮಾಬುಬಿ ಗಾಡಿಯೊಳಗೆ ಕುಳಿತು ಹುರಿ ಎಳೆದಂತೆ ರಬ್ಬರು ಗಾಡಿಯ ತಗಡಿನ ಅಂಚಿನ ಮೇಲೆ ಮಡಚಿಕೊಳ್ಳುತ್ತದೆ. ಆಕೆ "ಹೂಂ" ಎಂದ ಮೇಲೆ ಹೊರಗಿನಿಂದ ಇವರು ಅದೇ ಜಾಗಕ್ಕೆ ಅಂಗೈಯಿಂದ ತಟ್ಟಬೇಕು. ಮೂವತ್ತು ವರ್ಷದಿಂದ ಹೀಗೆಯೇ. ಒಂದು ಕಾಲಕ್ಕೆ ದಿನಕ್ಕೆ ನಾಲ್ಕು ಗಾಜು ಕೂರಿಸಿದ್ದುಂಟು. ಹೊಸ ಕಾರುಗಳ ಗಾಜಿಗೆ ರಬ್ಬರಲ್ಲ, ಅಂಟು ಬೇಕು. ಅವು ವಿಜಯಪುರದ ದಾರಿ ಹಿಡಿದಿವೆ. ಇಲ್ಲಿಗೆ ವಾರಕ್ಕೊಂದು ಗಾಡಿ ಬಂದರೆ ಹೆಚ್ಚು.

ಅದೂ ಕೈತಪ್ಪುವ ಹಾಗಿದೆ. ಸಕ್ಕರೆ ಕಾಯಿಲೆಯಿಂದ ಅವರ ಬಲ ಅಂಗೈ ಜೋಮು ಹಿಡಿದಿದೆ. ಎಷ್ಟು ಬಲ ಬಿತ್ತು ಎಂಬುದು ತಿಳಿಯುವುದಿಲ್ಲ. ಕಳೆದ ತಿಂಗಳು ಎರಡು ಹೊಸ ಗಾಜು ಸೀಳಿದವು.

"ಎಡಗೈಲೆ ಮಾಡು ಅಂತಾರಪಾ," ಎನ್ನುತ್ತಾರೆ ಕುತುಬುದ್ದೀನ. "ಅದಕ್ಕ ಈ ಕೆಲಸ ಗೊತ್ತs ಇಲ್ಲ. ಇದೊಂದು ಒಡೀದಂಗ ಸಾಬೂತ ಕುಂತರ ಅಂಗಡಿ ನಡಸ್ತೇನಿ. ಇಲ್ಲಂದ್ರ ಕೀಲಿ ಹಾಕ್ತೇನಿ."

ಹಳೆಯ ಗಾಜು ಕಿತ್ತು ಹೊಸದನ್ನು ಇಟ್ಟ ಮೇಲೆ ತಟ್ಟುವುದು ಶುರುವಾಗುತ್ತದೆ, ಮೆಲ್ಲಗೆ, ತೀರ ಮೆಲ್ಲಗೆ.

"ಏನ್ ಕಾಕಾ, ಗಾಜ ಕೂರಸಾಕತ್ತೀರೋ, ಕೂಸ ಮಲಗಸಾಕತ್ತೀರೋ?" ದುಂಡೇಶ ನಗುತ್ತಾನೆ.

"ಕೂಸ ಅತ್ತರ ಸುಮ್ಮನಾಗತೈತಪಾ, ಸೀಳಿದ ಗಾಜ ಕೂಡಂಗಿಲ್ಲ," ಮಾಬುಬಿ ಒಳಗಿಂದಲೇ ಅನ್ನುತ್ತಾರೆ. "ಹೂಂ."

ಕೆಳಗಿನ ಅಂಚು ಕೂರುತ್ತದೆ. ಎರಡೂ ಬದಿ ಕೂರುತ್ತವೆ. ಮೇಲಿನ ಕೊನೆಯ ಮೂಲೆಯಲ್ಲಿ ಹುರಿ ಸಿಕ್ಕಿಕೊಳ್ಳುತ್ತದೆ. ಮಾಬುಬಿ ಅದನ್ನು ಬಿಡಿಸುತ್ತಿರುವಾಗಲೇ ಚಟ್ ಎಂಬ ಸದ್ದು.

ದುಂಡೇಶನ ನಗೆ ನಿಲ್ಲುತ್ತದೆ.

"ನಾ ಹೂಂ ಅಂದಿರಲಿಲ್ರಿ," ಎನ್ನುತ್ತಾರೆ ಮಾಬುಬಿ, ಹುರಿಯ ತುದಿ ಇನ್ನೂ ಕೈಯಲ್ಲೇ.

"ಹೌದು. ನಾ ಕೈ ಬರೇ ಇಟ್ಟೇನಿ ಅಂತ ತಿಳದಿದ್ನಿ."

"ಇರ್ಲಿ ಬಿಡ್ರಿ ಕಾಕಾ. ಇವತ್ತೊಂದಿನ ಗಾಡಿ ಹಿಂಗs ಹೊಡೀತೇನಿ."

ಕುತುಬುದ್ದೀನ ಅಂಗಿಗೆ ಅಂಗೈ ಒರೆಸಿಕೊಂಡು ಟೇಪು ಎತ್ತಿಕೊಳ್ಳುತ್ತಾರೆ. ಯಾರಿಂದ ಬಿದ್ದ ಸೀಳಾದರೂ ಗಾಡಿಯವನಿಗೆ ಅಳೆದು ಹೇಳಬೇಕು. ಮೂಲೆಯಿಂದ ಸೀಳಿನ ತುದಿಯವರೆಗೆ ಎರಡು ಸಲ ಹಿಡಿದು ನೋಡುತ್ತಾರೆ.

"ಹನ್ನೆರಡು ಸೆಂಟಿಮೀಟರ್."